ಜಾಮೀನು ಸಿಕ್ಕು 19 ದಿನ ಆಯ್ತು, ತಮ್ಮ ಇನ್ನೂ ಜೈಲಿನಲ್ಲಿದ್ದಾನೆ

ಸಿಂಧನೂರು ಕಡೆಯವಳು:
ಜಗಳದ ಕೇಸಿನಲ್ಲಿ ತಮ್ಮನಿಗೆ ಜಾಮೀನು ಆಗಿದೆ. 50,000 ರೂಪಾಯಿ ಬಾಂಡ್, ಇಬ್ಬರು ಜಾಮೀನುದಾರರು ಬೇಕು. ನಮ್ಮ ಎರಡು ಎಕರೆ ಪಹಣಿ ತೀರಿಹೋದ ತಾತನ ಹೆಸರಿನಲ್ಲೇ ಇದೆ, ಅದು ನಡೆಯಲ್ಲ ಅಂದರು. ಮಾವನನ್ನು ಕೇಳಿದೆ. ಪಹಣಿ ಕೊಟ್ಟರೆ ಹೊಲ ಹೋಗುತ್ತದೆ ಅಂತ ಹೆದರಿದರು. ತಮ್ಮ ರೈಸ್ ಮಿಲ್ಲಿನಲ್ಲಿ ಹಮಾಲಿ, ಅವನ ಕೂಲಿಯಿಂದಲೇ ಮನೆ ನಡೀತಿತ್ತು. ಮೊನ್ನೆ ರಾಯಚೂರು ಜೈಲಿಗೆ ಹೋಗಿದ್ದೆ. "ಅಕ್ಕಾ, ಜಾಮೀನು ಆಯ್ತು ಅಂದ್ರಲ್ಲ, ಮತ್ತೆ ಯಾಕೆ ಬಿಡ್ತಿಲ್ಲ?" ಅಂದ. ನನಗೆ ಬಾಯೇ ಬರಲಿಲ್ಲ. ಕೋರ್ಟ್ ಹೊರಗೆ ಒಬ್ಬ 8,000 ಕೊಟ್ಟರೆ ಪಹಣಿ ಸಮೇತ ಇಬ್ಬರನ್ನು ನಿಲ್ಲಿಸ್ತೀನಿ ಅಂತಾನೆ. ಒಪ್ಪಲಾ?

ಗಂಗಾವತಿ ಅಣ್ಣ:
ಬೇಡ ತಂಗಿ. ನಮ್ಮ ಓಣಿಯಲ್ಲಿ ಒಬ್ಬರಿಗೆ ಹೀಗೇ ಆಯ್ತು. ಪಹಣಿ ನಕಲಿ ಅಂತ ಗೊತ್ತಾಗಿ ಜಾಮೀನು ರದ್ದಾಯ್ತು, ಮೇಲೊಂದು ಕೇಸು ಬಿತ್ತು.

ಕೊಪ್ಪಳದ ಕಾನೂನು ಸ್ವಯಂಸೇವಕಿ:
ತಂಗಿ, ನಾನು ಇಂಥ ಮನೆಗಳಿಗೆ ದಿನಾ ಓಡಾಡುತ್ತೇನೆ. ನಿಮ್ಮಲ್ಲಿ ತಪ್ಪಿಲ್ಲ. ಕೂಲಿಯವನಿಗೆ 50,000ದ ಷರತ್ತು ಹಾಕಿದರೆ ಜಾಮೀನು ಕಾಗದದಲ್ಲೇ ಉಳಿಯುತ್ತದೆ. 1978ರಲ್ಲೇ ಸುಪ್ರೀಂ ಕೋರ್ಟ್ ಒಬ್ಬ ಗಾರೆ ಕೆಲಸದವನ ಕೇಸಿನಲ್ಲಿ 10,000ದ ಷರತ್ತನ್ನು ಒಪ್ಪದೆ 1,000ದ ಬಾಂಡ್ ಮೇಲೆ ಬಿಡಿ ಅಂದಿತ್ತು. ಕೃಷ್ಣ ಅಯ್ಯರ್ ಅವರ ತೀರ್ಪು ಅದು.

ಈಗ ನಿಮಗೆ ಬೇಕಾದ್ದು ಸುಪ್ರೀಂ ಕೋರ್ಟಿನದೇ 2023ರ ಜನವರಿ 31ರ ಆದೇಶ. ಜಾಮೀನು ಸಿಕ್ಕು ಏಳು ದಿನವಾದರೂ ಬಿಡುಗಡೆ ಆಗದಿದ್ದರೆ, ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಮನೆಯ ಸ್ಥಿತಿಯ ವರದಿ ತರಿಸಿ, ಷರತ್ತು ಸಡಿಲಿಸಿ ಅಂತ ಕೋರ್ಟನ್ನು ಕೇಳಬಹುದು. ಒಂದು ತಿಂಗಳಾದರೂ ಬಾಂಡ್ ಕೊಡೋಕೆ ಆಗದಿದ್ದರೆ ಕೋರ್ಟೇ ತಾನಾಗಿ ನೋಡಬಹುದು. ನೀವು ಅಲ್ಲಿತನಕ ಕಾಯಬೇಡಿ. ಸೋಮವಾರವೇ ಪ್ರಾಧಿಕಾರದ ಕಚೇರಿಗೆ ಹೋಗಿ, ವಕೀಲರನ್ನೂ ಪುಕ್ಕಟೆ ಕೊಡುತ್ತಾರೆ. 15100ಕ್ಕೂ ಫೋನ್ ಮಾಡಬಹುದು.

ಮಾವನಿಗೂ ಸಮಾಧಾನವಾಗಿ ಹೇಳಿ. ತಮ್ಮ ಪ್ರತಿ ವಾಯಿದೆಗೂ ಬಂದರೆ ಹೊಲಕ್ಕೆ ಏನೂ ಆಗಲ್ಲ. ಅವನು ತಪ್ಪಿಸಿಕೊಂಡರೆ ಮಾತ್ರ ಬಾಂಡಿನ ದುಡ್ಡು ವಸೂಲಿಗೆ ಬರುತ್ತದೆ.

ಬಳ್ಳಾರಿ ಓದುಗ:
ದುಡ್ಡಿನ ತೊಂದರೆಯಿಂದ ಒಳಗಿರುವ ವಿಚಾರಣಾಧೀನ ಬಡ ಕೈದಿಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆಯೂ 2023ರಲ್ಲಿ ಬಂತು, ಅಲ್ವಾ?

ಕೊಪ್ಪಳದ ಕಾನೂನು ಸ್ವಯಂಸೇವಕಿ:
ಹೌದು, ಜಿಲ್ಲಾ ಸಮಿತಿ ಒಪ್ಪಬೇಕು. ಎಲ್ಲ ಕೇಸಿಗೂ ಅನ್ವಯಿಸಲ್ಲ, ಅದನ್ನೂ ಕೇಳಿ ನೋಡಿ.

ಸಿಂಧನೂರು ಕಡೆಯವಳು:
ಅಕ್ಕಾ, ಕೈಯಲ್ಲಿ ಏನು ಹಿಡಿದುಕೊಂಡು ಹೋಗಲಿ?

ಕೊಪ್ಪಳದ ಕಾನೂನು ಸ್ವಯಂಸೇವಕಿ:
ಜಾಮೀನು ಆದೇಶದ ಜೆರಾಕ್ಸ್, ತಮ್ಮನ ಯುಟಿಪಿ ನಂಬರ್ (ವಿಚಾರಣಾಧೀನ ಕೈದಿಗೆ ಜೈಲಿನಲ್ಲಿ ಕೊಡುವ ನಂಬರ್), ರೇಷನ್ ಕಾರ್ಡ್. ತಾತನ ಪಹಣಿಯನ್ನೂ ತಗೊಳ್ಳಿ, ಪೌತಿ ಖಾತೆ ಆಗಿಲ್ಲ, ಅಂದರೆ ತೀರಿಹೋದವರ ಹೊಲ ಇನ್ನೂ ವಾರಸುದಾರರ ಹೆಸರಿಗೆ ಬಂದಿಲ್ಲ ಅನ್ನೋದು ಅವರಿಗೆ ಕಾಣಲಿ.