ಪದಚರ್ಚೆ: ‘ಬಯೋಮಾನಿಟರ್’ ಆದ ಹಾವಸೆಯನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ಧ್ರುವ ಪ್ರದೇಶಗಳಲ್ಲಿ ತಾವಾಗಿ ಬೆಳೆದ ಹಾವಸೆ (ಮಾಸ್, ಅಂದರೆ ಕಲ್ಲು-ಗೋಡೆಗಳ ಮೇಲೆ ಹಬ್ಬುವ ಮೆತ್ತನೆ ಹಸಿರು), ಕಲ್ಲುಹೂವು (ಲೈಕೆನ್) ಇವುಗಳನ್ನು ಕಿತ್ತು ತಂದು, ಅವುಗಳಲ್ಲಿ ನಿಕಲ್, ತಾಮ್ರ, ಸೀಸ, ಕ್ಯಾಡ್ಮಿಯಂ ಎಷ್ಟಿದೆ ಎಂದು ಅಳೆದು, ಅಲ್ಲಿನ ಗಾಳಿಯಿಂದ ಎಷ್ಟು ಲೋಹ ಉದುರುತ್ತಿದೆ ಎಂದು ಹೇಳುವ ವಿಧಾನದ ಬಗ್ಗೆ. ಮೂರು ದಿನವಾಯಿತು, ಮೊದಲ ಪ್ಯಾರಾ ದಾಟಿಲ್ಲ. ಬಯೋಇಂಡಿಕೇಟರ್, ಬಯೋಮಾನಿಟರ್ ಎಂಬ ಎರಡು ಪದಗಳು ಕಾಲಿಗೆ ತೊಡರಿಕೊಂಡಿವೆ.

ನಾನು ನೋಡಿದ ಕನ್ನಡ ಬರಹಗಳಲ್ಲಿ ಎರಡಕ್ಕೂ ‘ಜೈವಿಕ ಸೂಚಕ’ ಎಂದೇ ಇದೆ. ಆದರೆ ಎರಡೂ ಒಂದಲ್ಲ. ಅತ್ತಿಮರ ಇದ್ದಲ್ಲಿ ನೀರಿದೆ ಅನ್ನುತ್ತೇವಲ್ಲ, ಆ ಅತ್ತಿಮರ ಸೂಚಕ. ನೀರಿದೆ ಅನ್ನುವ ಸುಳಿವು ಕೊಡುತ್ತದೆ, ಎಷ್ಟು ಅಡಿ ಕೊರೆಯಬೇಕು ಅನ್ನುವುದನ್ನು ಹೇಳುವುದಿಲ್ಲ. ಬಯೋಮಾನಿಟರ್ ಎನಿಸಿಕೊಂಡ ಹಾವಸೆ ಈ ‘ಎಷ್ಟು’ ಅನ್ನುವುದಕ್ಕೇ ಉತ್ತರ ಕೊಡಬೇಕು. ಒಂದು ಗ್ರಾಂ ಒಣ ಹಾವಸೆಯಲ್ಲಿ ಇಷ್ಟು ಮೈಕ್ರೋಗ್ರಾಂ ಸೀಸ, ಇಲ್ಲಿ ಇಷ್ಟು, ಹತ್ತು ಕಿಲೋಮೀಟರ್ ಆಚೆ ಇಷ್ಟು, ಹೀಗೆ.

ತಮಾಷೆಯೆಂದರೆ ಒಂದೇ ಗಿಡ ಎರಡೂ ಕೆಲಸ ಮಾಡುತ್ತದೆ. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ ಮೊಂಚೆಗೋರ್ಸ್ಕ್ ಎಂಬ ಊರಿದೆ, ತಾಮ್ರ-ನಿಕಲ್ ಕುಲುಮೆಗಳಿಂದ ಹೆಸರಾದ ಊರು. (ಆ ಸೀಮೆಯ ಮೂಲನಿವಾಸಿಗಳಾದ ಸಾಮಿ ಜನರ ನುಡಿಯಲ್ಲಿ ‘ಮೊಂಚೆ’ ಎಂದರೆ ಚೆಲುವು. ಹೆಸರು ಇಟ್ಟಾಗ ಚಿಮಣಿಗಳು ಇರಲಿಲ್ಲ.) ಕುಲುಮೆಗಳ ಹತ್ತಿರದ ಗುಡ್ಡಗಳು ಬೋಳು. ಗಂಧಕದ ಹೊಗೆ ಮತ್ತು ಲೋಹದ ದೂಳಿಗೆ ಹಾವಸೆ, ಕಲ್ಲುಹೂವು ಎರಡೂ ಸತ್ತುಹೋಗಿವೆ. ಅಲ್ಲಿ ಅವು ಇಲ್ಲದಿರುವುದೇ ಸೂಚನೆ. ಹಲವು ಹತ್ತು ಕಿಲೋಮೀಟರ್ ದೂರ ಹೋದರೆ ಹಾವಸೆ ಬದುಕಿದೆ, ಬದುಕಿಕೊಂಡೇ ಲೋಹವನ್ನು ಮೈಮೇಲೆ ಕೂಡಿಸಿಕೊಳ್ಳುತ್ತಿದೆ. ಅಲ್ಲಿ ಅದು ಮಾನಿಟರ್. 1990ರ ದಶಕದಲ್ಲಿ ಫಿನ್ಲೆಂಡ್, ನಾರ್ವೆ, ರಷ್ಯಾಗಳ ಭೂವಿಜ್ಞಾನಿಗಳು ಸೇರಿ ಈ ಸೀಮೆಯ ಸುಮಾರು 1,88,000 ಚದರ ಕಿಲೋಮೀಟರ್ ಜಾಗದಿಂದ ಹಾವಸೆ, ಮಣ್ಣು ತಂದು ಲೋಹದ ನಕ್ಷೆ ಬರೆದರು. ನಾರ್ವೆಯ ಗಡಿಗೆ ಅಂಟಿಕೊಂಡ ನಿಕೆಲ್ ಎಂಬ ಊರೂ ಆ ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಅಲ್ಲಿನ ಕುಲುಮೆ 2020ರ ಡಿಸೆಂಬರಿನಲ್ಲಿ ಮುಚ್ಚಿತು. ಇಂಥ ಕಥೆ ಬರೆಯುವಾಗ ಎರಡೂ ಕಡೆ ‘ಸೂಚಕ’ ಎಂದು ಬರೆದರೆ ಓದುಗರಿಗೆ ಹೇಗೆ ತಿಳಿಯಬೇಕು?

ಹಾಗಾದರೆ ಮಾನಿಟರಿಗೆ ಏನು? ನಾನು ತೂಗಿ ನೋಡಿದ ಪದಗಳು ಇವು.

‘ಮೇಲ್ವಿಚಾರಕ’ ಸರ್ಕಾರಿ ಕಡತದ ಕನ್ನಡ. ಓದಿದ ಕೂಡಲೇ ಪರೀಕ್ಷಾ ಕೊಠಡಿಯಲ್ಲಿ ಬೆಂಚುಗಳ ನಡುವೆ ಓಡಾಡುವವರು ಕಣ್ಣಿಗೆ ಬರುತ್ತಾರೆ. ಬೇಡ.

‘ಕಾವಲು ಗಿಡ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿದೆ. ಆದರೆ ಕಾವಲಿಗೆ ಕೂತವರು ಕಳ್ಳ ಬಂದರೆ ಕೂಗುತ್ತಾರೆ, ಇಲ್ಲವೇ ತಡೆಯುತ್ತಾರೆ. ಹಾವಸೆ ಎರಡನ್ನೂ ಮಾಡುವುದಿಲ್ಲ. ಮೇಲಾಗಿ ಅಮೃತಮಹಲ್ ಕಾವಲು ನೋಡಿ ಬೆಳೆದ ಚಿಕ್ಕಮಗಳೂರು, ಹಾಸನದ ಕಡೆಯವರಿಗೆ ಕಾವಲು ಎಂದರೆ ದನ ಮೇಯುವ ಹುಲ್ಲುಗಾವಲು. ಕಾವಲು ಗಿಡ ಎಂದರೆ ಅಲ್ಲಿ ಬೆಳೆಯುವ ಯಾವುದೋ ಮುಳ್ಳುಕಂಟಿ ಅಂದುಕೊಂಡಾರು.

‘ನಿಗಾ’ ಪತ್ರಿಕೆಗಳ ಮಾತು, ಚಿಕ್ಕದು, ನನಗಿಷ್ಟ. ಆದರೆ ಸಮಾಸ ಮಾಡಿದ ಕೂಡಲೇ ಎಡವಟ್ಟು. ‘ಸಸ್ಯನಿಗಾ’ ಎಂದರೆ ಸಸ್ಯದ ಮೇಲೆ ನಿಗಾ ಇಡುವುದೋ, ಸಸ್ಯದ ಮೂಲಕ ಇಡುವುದೋ? ವಿಭಕ್ತಿ ಬಿಡಿಸಿ ‘ಸಸ್ಯಗಳಿಂದ ಲೋಹಮಾಲಿನ್ಯದ ನಿಗಾ’ ಎಂದು ಬರೆದೆ. ಮನೆಯಲ್ಲಿ ಓದಿದವರು “ಗಿಡಗಳಿಂದಲೂ ಮಾಲಿನ್ಯ ಆಗುತ್ತಾ?” ಎಂದು ಕೇಳಿದರು. ‘ಲೋಹಮಾಲಿನ್ಯ’ವೂ ಅಷ್ಟಕ್ಕಷ್ಟೆ, ಹಿತ್ತಾಳೆ ಚೊಂಬಿಗೆ ಹಿಡಿದ ಕಿಲುಬಿನ ಹಾಗೆ ಕೇಳಿಸುತ್ತದೆ.

‘ಮಾಪಕ’ಕ್ಕೆ ಮಳೆಮಾಪಕ, ಉಷ್ಣಮಾಪಕಗಳ ಬಲವಿದೆ. ಆದರೆ ಹಾವಸೆ ಅಳೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಅಳೆಯುವುದು ಪ್ರಯೋಗಾಲಯದ ಯಂತ್ರ. ಮಳೆಗೆ ಅಂಗಳದಲ್ಲಿಟ್ಟ ಬೋಗುಣಿಯನ್ನು ಮಳೆಮಾಪಕ ಎಂದ ಹಾಗಾಗುತ್ತದೆ.

ಈ ‘ಹಿಡಿದಿಡು’ ಎಂಬ ಕ್ರಿಯಾಪದದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಗಿಡ ಏನನ್ನೇ ತೆಗೆದುಕೊಂಡರೂ ‘ಹೀರಿಕೊಂಡಿತು’ ಎಂದು ಬರೆದುಬಿಡುತ್ತೇವೆ. ಹಾವಸೆಗೆ ನಿಜವಾದ ಬೇರಿಲ್ಲ, ಎಲೆಯ ಮೇಲೆ ಮೇಣದ ಹೊದಿಕೆಯೂ ಇಲ್ಲವೆಂಬಷ್ಟು ತೆಳು. ಅದಕ್ಕೆ ಬೇಕಾದ್ದು ಬಹುಪಾಲು ಮಳೆ, ಮಂಜು, ದೂಳಿನಿಂದಲೇ ಬರುತ್ತದೆ. ಅವುಗಳ ಜೊತೆ ಬಂದ ಲೋಹದಲ್ಲಿ ಸ್ವಲ್ಪ ದೂಳಿನ ಕಣವಾಗಿ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಜೀವಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ, ಒಳಕ್ಕೆ ಹೋಗುವುದು ಇನ್ನು ಸ್ವಲ್ಪ. ಬೇರಿನಿಂದ ನೆಲದ ಲೋಹ ಬೆರೆಯದಿರುವುದರಿಂದಲೇ ಸ್ವೀಡನ್ನಿನ ಲುಂಡ್‌ನಲ್ಲಿ ರ್‍ಯೂಲಿಂಗ್ ಮತ್ತು ಟೈಲರ್ ಎಂಬ ವಿಜ್ಞಾನಿಗಳು 1960ರ ದಶಕದ ಕೊನೆಯಲ್ಲಿ ಹಾವಸೆಯನ್ನು ಈ ಕೆಲಸಕ್ಕೆ ಹಚ್ಚಿದರು. 1990ರಿಂದ ಯೂರೋಪಿನ ಹಲವು ದೇಶಗಳು ಐದೈದು ವರ್ಷಕ್ಕೊಮ್ಮೆ ಹಾವಸೆ ಕಿತ್ತು ಲೆಕ್ಕ ಹಾಕುತ್ತಿವೆ. ಹಾಗಾಗಿ ನನ್ನ ಲೇಖನದಲ್ಲಿ ‘ಹೀರು’ ಇಲ್ಲ, ‘ಹಿಡಿದಿಡು’ ಮಾತ್ರ. ಇದಕ್ಕೆ ಯಾರದಾದರೂ ತಕರಾರಿದ್ದರೆ ತಿಳಿಸಿ.

ಯೂರೋಪಿನವರು ಬಳಸುವ ಹಾವಸೆಗಳಲ್ಲಿ ಹೈಲೊಕೋಮಿಯಂ ಸ್ಪ್ಲೆಂಡೆನ್ಸ್ ಎಂಬುದೊಂದು. ವರ್ಷಕ್ಕೊಂದು ಹೊಸ ಗರಿ, ಹಳೆಯದರ ಬೆನ್ನಿನಿಂದ ಮೆಟ್ಟಿಲಿನಂತೆ ಮೇಲೇಳುತ್ತದೆ. ಮೆಟ್ಟಿಲು ಎಣಿಸಿದರೆ ಯಾವ ಭಾಗ ಎಷ್ಟು ವರ್ಷದ್ದು ಎಂದು ತಿಳಿಯುತ್ತದೆ. ಅಲಾಸ್ಕಾದ ರೆಡ್ ಡಾಗ್ ಗಣಿಯಿಂದ ಬಂದರಿಗೆ ಸತು, ಸೀಸದ ಅದಿರುಪುಡಿ ಸಾಗಿಸುವ ರಸ್ತೆಯ ಇಕ್ಕೆಲದಲ್ಲಿ ಕಿತ್ತಿದ್ದೂ ಇದನ್ನೇ. ರಸ್ತೆಯ ಅಂಚಿನ ಹಾವಸೆಯಲ್ಲಿ ಸೀಸ ಅತಿ ಹೆಚ್ಚು, ದೂರ ಸರಿದಂತೆ ಕಡಿಮೆ. ಲಾರಿ ಓಡಾಟದ ದೂಳು ಎಲ್ಲೆಲ್ಲಿ ಕೂತಿದೆ ಎಂದು ಅದೇ ತೋರಿಸಿಕೊಟ್ಟಿತು. ವರ್ಷವರ್ಷದ ಮಡಿಕೆ ನೋಡಿದಾಗ ನನಗೆ ನೆನಪಾದದ್ದು ನಮ್ಮ ಹಳೆಯ ಕಡತ, ಹುಣಸೆಬೀಜದ ಅಂಟು ಬಳಿದ ಕರಿಬಟ್ಟೆಯ ಮಡಿಕೆಪುಸ್ತಕ. ‘ಕಡತ-ಹಾವಸೆ’ ಎಂದು ಬರೆದೇಬಿಟ್ಟೆ, ಮರುದಿನ ಹೊಡೆದುಹಾಕಿದೆ. ಇವತ್ತಿನ ಓದುಗರಿಗೆ ಕಡತ ಎಂದರೆ ತಾಲ್ಲೂಕು ಕಚೇರಿಯಲ್ಲಿ ಸಿಗದೇ ಇರುವ ಫೈಲು.

ಈಗ ಉಳಿದಿರುವುದು ‘ಸಂಚಯ ಸೂಚಕ’. ಕೂಡಿಸಿಕೊಂಡು ತೋರಿಸುವಂಥದ್ದು. ಅರ್ಥ ಸರಿಯಾಗಿದೆ, ಪಠ್ಯಪುಸ್ತಕದ ವಾಸನೆಯೂ ಇದೆ. ಅದರ ಪಕ್ಕದಲ್ಲೇ ‘ಲೆಕ್ಕ ಹಿಡಿವ ಹಾವಸೆ’ ಎಂದು ಒಮ್ಮೆ ಬಿಡಿಸಿ ಹೇಳಿ ಮುಂದೆ ಹೋಗುವುದು ಸದ್ಯದ ಯೋಚನೆ.

ಎರಡನೆಯ ತೊಡಕು ‘ಕಾಡುಗಿಡ’. ವೈಲ್ಡ್ ಪ್ಲಾಂಟ್ ಎಂಬುದಕ್ಕೆ ಕೈಗೆ ಸುಲಭವಾಗಿ ಸಿಗುವ ಪದ. ಆದರೆ ಟಂಡ್ರಾದಲ್ಲಿ ಕಾಡೆಲ್ಲಿದೆ? ಅಂಟಾರ್ಕ್ಟಿಕಾದಲ್ಲಿ ನಮ್ಮ ಮೈತ್ರಿ ನೆಲೆ ಇರುವ ಶಿರ್ಮಾಕರ್ ಓಯಸಿಸ್‌ನಲ್ಲಿ ಹೂಬಿಡುವ ಗಿಡ ಒಂದೂ ಇಲ್ಲ. ಹಾವಸೆ, ಕಲ್ಲುಹೂವು, ಪಾಚಿ, ಅಷ್ಟೇ. ‘ಕಾಡುತುಳಸಿ, ಕಾಡುಮಲ್ಲಿಗೆಯಲ್ಲಿ ಕಾಡು ಎಂದರೆ ನೆಟ್ಟು ಸಾಕದ್ದು ಎಂದಷ್ಟೇ’ ಎಂದು ನೀವು ವಾದಿಸಬಹುದು. ಒಪ್ಪುತ್ತೇನೆ. ಆದರೂ ಮರವೇ ಇಲ್ಲದ ನೆಲದ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. ‘ತಾನಾಗಿ ಬೆಳೆದ’ ಎಂದೇ ಇಟ್ಟಿದ್ದೇನೆ.

ಅದಕ್ಕಿಂತ ದೊಡ್ಡ ಗೋಜಲು, ಕಲ್ಲುಹೂವು ಗಿಡವೇ ಅಲ್ಲ. ಶಿಲೀಂಧ್ರವೂ ಶೈವಲವೂ (ಆಲ್ಗೆ) ಕೂಡಿ ನಡೆಸುವ ಸಂಸಾರ ಅದು. ಇಂಗ್ಲಿಷಿನವರೇ ಹಿಮಸಾರಂಗ ತಿನ್ನುವ ಕಲ್ಲುಹೂವಿಗೆ ‘ರೈನ್‌ಡೀರ್ ಮಾಸ್’ ಎಂದು ಹೆಸರಿಟ್ಟು ಕೂತಿದ್ದಾರೆ. ಅದನ್ನು ‘ಹಿಮಸಾರಂಗ ಹಾವಸೆ’ ಎಂದು ತಂದರೆ ಅವರ ತಪ್ಪನ್ನು ನಾವು ಹೊತ್ತ ಹಾಗೆ. 1986ರ ಚೆರ್ನೋಬಿಲ್ ಅಣು ಅವಘಡದ ವಿಕಿರಣಶೀಲ ಸೀಸಿಯಂ ಇಂಥ ಕಲ್ಲುಹೂವಿನಲ್ಲಿ ಕೂತು, ಅಲ್ಲಿಂದ ಹಿಮಸಾರಂಗದ ಮಾಂಸಕ್ಕೆ, ಅಲ್ಲಿಂದ ಸಾಮಿ ಜನರ ಊಟಕ್ಕೆ ಬಂತು. ಆ ಭಾಗವನ್ನು ನಾನು ‘ಹಿಮಸಾರಂಗದ ಕಲ್ಲುಹೂವು’ ಎಂದು ಬರೆದಿದ್ದೇನೆ. ಓದುವವರಿಗೆ ಪಲಾವಿನ ಮಸಾಲೆ ನೆನಪಾದರೆ ಆಗಲಿ, ಅದೂ ಅದರ ನೆಂಟನೇ.

ಕೊನೆಯದು ಹಾವಸೆ. ವಚನಗಳಲ್ಲಿ ‘ಹಾವಸೆಗಲ್ಲು’ ಬರುತ್ತದೆ, ಕಾಲಿಟ್ಟರೆ ಜಾರುವ ಕಲ್ಲು. ಪಠ್ಯಪುಸ್ತಕಗಳು ಅದೇ ಪದವನ್ನು ಮಾಸ್‌ಗೆ ಕೊಟ್ಟಿವೆ. ನಮ್ಮ ಮಲೆನಾಡಿನ ಮನೆಯಲ್ಲಿ ಮಾತ್ರ ಬಾವಿಕಟ್ಟೆಯ ಜಾರುವ ಲೋಳೆಗೂ ಪಾಚಿ, ಮಳೆಗಾಲದಲ್ಲಿ ಕಾಂಪೌಂಡಿನ ಮೇಲೆ ಏಳುವ ಮೆತ್ತನೆ ಹಸಿರು ಜಮಖಾನಕ್ಕೂ ಪಾಚಿ. ಅಮ್ಮನಿಗೆ ಹಾವಸೆ ಎಂದರೆ ಗೊತ್ತೇ ಇಲ್ಲ. ನಿಮ್ಮ ಕಡೆ ಈ ಎರಡಕ್ಕೂ ಬೇರೆ ಬೇರೆ ಹೆಸರು ಇದೆಯೇ? ಮುಖ್ಯವಾಗಿ ಕೊಡಗು, ಉತ್ತರ ಕನ್ನಡದವರು, ಅಡಿಕೆ ತೋಟದಲ್ಲಿ ಮರದ ಬುಡಕ್ಕೆ ಹಬ್ಬುವುದನ್ನು ಏನೆಂದು ಕರೆಯುತ್ತೀರಿ, ದಯವಿಟ್ಟು ಬರೆಯಿರಿ. ಆಡುಮಾತಿನದ್ದೇ ಒಂದು ಸಿಕ್ಕರೆ ಲೇಖನದ ಉದ್ದಕ್ಕೂ ಅದನ್ನೇ ಹಾಕುತ್ತೇನೆ.