ಕುಲಪತಿ, ಕುಲಾಧಿಪತಿ, ವಿಸಿಟರ್: ಮಕೆರೆರೆಯ ಹುದ್ದೆಗಳಿಗೆ ಕನ್ನಡ ಪದಗಳು

ಮಾನ್ಯರೇ,

ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯವನ್ನು ಮುನ್ನಡೆಸಿದವರ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಹುದ್ದೆಗಳ ಹೆಸರಿನಲ್ಲಿ ಎರಡು ಕಡೆ ತೊಡಕಾಗಿದ್ದು, ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಕುಲಪತಿ’. ಇಂದು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಪಾಲರು ಕುಲಾಧಿಪತಿಗಳು, ವೈಸ್ ಚಾನ್ಸಲರ್ ಕುಲಪತಿಗಳು. ಆದರೆ ಹಿಂದಿನ ಬರಹಗಳಲ್ಲಿ ವೈಸ್ ಚಾನ್ಸಲರ್‌ಗೆ ‘ಉಪಕುಲಪತಿ’ ಎಂಬ ಪದವಿತ್ತು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಆ ಹುದ್ದೆಯಲ್ಲಿದ್ದ ಕುವೆಂಪು ಅವರನ್ನು ಹಿರಿಯರು ಈಗಲೂ ಉಪಕುಲಪತಿ ಎಂದೇ ನೆನೆಯುತ್ತಾರೆ. ಆ ರೂಢಿಯಲ್ಲಿ ‘ಕುಲಪತಿ’ ಎಂದರೆ ಚಾನ್ಸಲರ್, ಈಗಿನ ರೂಢಿಯಲ್ಲಿ ವೈಸ್ ಚಾನ್ಸಲರ್. ಹೀಗೆ ಒಂದೇ ಪದ ಒಂದು ಮೆಟ್ಟಿಲು ಕೆಳಗಿಳಿದಿದೆ.

ಮಕೆರೆರೆಯ ಮಟ್ಟಿಗೆ ಈ ಮೆಟ್ಟಿಲಿನ ವ್ಯತ್ಯಾಸ ಸಣ್ಣದಲ್ಲ. 1922ರಲ್ಲಿ 14 ವಿದ್ಯಾರ್ಥಿಗಳ ತಾಂತ್ರಿಕ ಶಾಲೆಯಾಗಿ ಆರಂಭವಾದ ಈ ಸಂಸ್ಥೆ 1949ರಲ್ಲಿ ಲಂಡನ್ ವಿಶ್ವವಿದ್ಯಾಲಯದ ನಂಟಿರುವ ಕಾಲೇಜಾಯಿತು, 1963ರಲ್ಲಿ ಪೂರ್ವ ಆಫ್ರಿಕಾ ವಿಶ್ವವಿದ್ಯಾಲಯದ ಅಂಗವಾಯಿತು, 1970ರ ಜುಲೈ 1ರಂದು ಸ್ವತಂತ್ರ ರಾಷ್ಟ್ರೀಯ ವಿಶ್ವವಿದ್ಯಾಲಯವಾಯಿತು. ಅಲ್ಲಿಂದ ಮುಂದೆ ದೇಶದ ಅಧ್ಯಕ್ಷರೇ ಚಾನ್ಸಲರ್: ಮೊದಲು ಒಬೊಟೆ, 1971ರ ಸೇನಾದಂಗೆಯ ನಂತರ ಇದಿ ಅಮೀನ್. ಮೊದಲ ವೈಸ್ ಚಾನ್ಸಲರ್ ಫ್ರಾಂಕ್ ಕಲಿಮುಝೊ. 1972ರ ಅಕ್ಟೋಬರ್‌ನಲ್ಲಿ ಅಮೀನನ ಕಡೆಯವರು ಕಲಿಮುಝೊ ಅವರನ್ನು ಹಿಡಿದೊಯ್ದರು. ಅವರು ಮರಳಿ ಬರಲೇ ಇಲ್ಲ. ವಿಶ್ವವಿದ್ಯಾಲಯದ ಪರಮೋಚ್ಚ ಪದವಿಯಲ್ಲಿದ್ದವನ ಆಳ್ವಿಕೆಯಲ್ಲೇ ಅದನ್ನು ದಿನನಿತ್ಯ ನಡೆಸುತ್ತಿದ್ದವರು ಇಲ್ಲವಾದರು ಎಂಬುದು ಓದುಗರಿಗೆ ತಿಳಿಯಬೇಕಾದರೆ ಪದಗಳು ನಿಖರವಾಗಿರಲೇಬೇಕು. ನನ್ನ ಮೊದಲ ಕರಡಿನಲ್ಲಿ ‘ಕುಲಪತಿ ಅಮೀನ್’ ಎಂದೂ ಎರಡು ಪುಟಗಳ ನಂತರ ‘ಕುಲಪತಿ ಕಲಿಮುಝೊ’ ಎಂದೂ ಇತ್ತು. ಅದನ್ನು ಓದಿದವರು ಅಮೀನನ ನಂತರ ಅದೇ ಕುರ್ಚಿಗೆ ಕಲಿಮುಝೊ ಬಂದರೆಂದು ತಿಳಿದರೆ ತಪ್ಪು ಅವರದಲ್ಲ.

‘ಉಪಕುಲಪತಿ’ಗೆ ಮರಳುವುದು ನನಗೆ ಸರಿಯೆನಿಸುವುದಿಲ್ಲ. ಮಕೆರೆರೆಯಲ್ಲಿ ವೈಸ್ ಚಾನ್ಸಲರ್ ಕೆಳಗೆ ಡೆಪ್ಯುಟಿ ವೈಸ್ ಚಾನ್ಸಲರ್‌ಗಳೂ ಇದ್ದಾರೆ. ಅವರಿಗಾಗಿ ‘ಉಪ’ವನ್ನು ಉಳಿಸಿಕೊಳ್ಳಬೇಕು. ಜೊತೆಗೆ, ಹತ್ತು ಸಾವಿರ ಶಿಷ್ಯರಿಗೆ ಅನ್ನವಿಟ್ಟು ಪಾಠ ಹೇಳುವವನು ಕುಲಪತಿ ಎಂಬ ಹಳೆಯ ಸಂಸ್ಕೃತ ಲಕ್ಷಣ ನಿಜವಾಗಿ ಆಡಳಿತ ನಡೆಸುವವರಿಗೇ ಒಪ್ಪುತ್ತದೆ. ಆದ್ದರಿಂದ ಅಮೀನ್ ಕುಲಾಧಿಪತಿ, ಕಲಿಮುಝೊ ಕುಲಪತಿ ಎಂದು ತಿದ್ದಿದ್ದೇನೆ.

ಯೂಸುಫ್ ಲುಲೆ ಅವರನ್ನು ಮಾತ್ರ ಕುಲಪತಿ ಎನ್ನಲಾಗದು. 1964ರಲ್ಲಿ ಮಕೆರೆರೆಯ ಮೊದಲ ಆಫ್ರಿಕನ್ ಮುಖ್ಯಸ್ಥರಾದ, 1979ರಲ್ಲಿ 68 ದಿನ ದೇಶದ ಅಧ್ಯಕ್ಷರೂ ಆಗಿದ್ದ ಅವರ ಹುದ್ದೆ ಪ್ರಿನ್ಸಿಪಾಲ್. ವೈಸ್ ಚಾನ್ಸಲರ್ ಆಗ ಇಡೀ ಪೂರ್ವ ಆಫ್ರಿಕಾ ವಿಶ್ವವಿದ್ಯಾಲಯಕ್ಕೆ ಒಬ್ಬರೇ. ‘ಪ್ರಾಂಶುಪಾಲ’ ಎಂದರೆ ನಮ್ಮ ಓದುಗರ ಕಣ್ಣಿಗೆ ಪಿಯು ಕಾಲೇಜು ಬರುತ್ತದೆಯಾದರೂ, ಬೇರೆ ಪದ ಕಟ್ಟಿ ಚರಿತ್ರೆಯನ್ನು ಹಿಗ್ಗಿಸುವುದಕ್ಕಿಂತ ಅದೇ ಇರಲಿ ಎಂದುಕೊಂಡಿದ್ದೇನೆ.

ನಿಜವಾಗಿ ದಾರಿ ಕಾಣದಿರುವುದು ಎರಡನೆಯ ಪದದಲ್ಲಿ. ಉಗಾಂಡಾದ 2001ರ ವಿಶ್ವವಿದ್ಯಾಲಯ ಕಾಯ್ದೆಯ ನಂತರ ದೇಶದ ಅಧ್ಯಕ್ಷರು ಚಾನ್ಸಲರ್ ಆಗಿ ಉಳಿಯಲಿಲ್ಲ. 2003ರಲ್ಲಿ ಅಪೊಲೊ ನ್ಸಿಬಾಂಬಿ ಆ ಪದವಿಗೆ ಬಂದರು, ಅಧ್ಯಕ್ಷರು ಸರ್ಕಾರಿ ವಿಶ್ವವಿದ್ಯಾಲಯಗಳ ‘ವಿಸಿಟರ್’ ಆದರು. ಈ ವಿಸಿಟರ್ ಬಂದು ಹೋಗುವ ಅತಿಥಿಯಲ್ಲ. ಸಂಸ್ಥೆಯ ವ್ಯವಹಾರವನ್ನು ಪರಿಶೀಲಿಸುವ ಅಧಿಕಾರ ಇಂಗ್ಲಿಷ್ ಕಾನೂನಿನ ಕಾಲದಿಂದಲೂ ಆ ಪದದೊಳಗಿದೆ. ‘ಸಂದರ್ಶಕ’ ಎಂದರೆ ಆ ಅಧಿಕಾರ ಪೂರ್ತಿ ಅಳಿಸಿಹೋಗುತ್ತದೆ, ಇಲ್ಲವೇ ಸಂದರ್ಶನ ಮಾಡುವ ಪತ್ರಕರ್ತರ ನೆನಪಾಗುತ್ತದೆ. ಹಿಂದಿಯಲ್ಲಿ ‘ಕುಲಾಧ್ಯಕ್ಷ’ ಎನ್ನುತ್ತಾರೆ. ಕನ್ನಡದಲ್ಲಿ ಅದು ಕುಲಾಧಿಪತಿಯ ಪಕ್ಕ ನಿಂತರೆ ಯಾರು ಯಾರೆಂದು ತಿಳಿಯುವುದು ಕಷ್ಟ. ‘ಪರಿವೀಕ್ಷಕ’ ಅರ್ಥಕ್ಕೆ ಹತ್ತಿರವಿದ್ದರೂ ಪರೀಕ್ಷಾ ಕೊಠಡಿಯ ವಾಸನೆ ಅದಕ್ಕೆ ಅಂಟಿದೆ.

ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ರಾಷ್ಟ್ರಪತಿಯವರೇ ವಿಸಿಟರ್. ಅಲ್ಲಿನ ಘಟಿಕೋತ್ಸವದ ಆಹ್ವಾನ ಪತ್ರಿಕೆಗಳಲ್ಲಿಯೋ ಕನ್ನಡ ಪ್ರಕಟಣೆಗಳಲ್ಲಿಯೋ ಈ ಪದವನ್ನು ಹೇಗೆ ಬರೆದಿರುವುದನ್ನು ತಾವು ನೋಡಿದ್ದೀರಿ? ಬಳಕೆಯಲ್ಲಿರುವ ಪದವಿದ್ದರೆ ಅದನ್ನೇ ಸ್ವೀಕರಿಸುತ್ತೇನೆ. ಇಲ್ಲವಾದರೆ ‘ವಿಸಿಟರ್’ ಎಂದೇ ಇಟ್ಟು ಮೊದಲ ಬಳಕೆಯಲ್ಲಿ ಒಂದು ವಾಕ್ಯದ ವಿವರಣೆ ಕೊಡುವ ಯೋಚನೆಯಿದೆ.