‘ಕೋಶರಸ’ ಎಂದರೆ ಯಾವ ರಸ?

ಮಾನ್ಯರೇ,

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ಸೀಮೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ನನಗೆ, ಜೀವಕೋಶದ ಅಧ್ಯಾಯದಲ್ಲಿ ಬರುವ ಒಂದು ಪದದ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಕೋಶಪೊರೆಗೂ ಕೋಶಕೇಂದ್ರಕ್ಕೂ ನಡುವೆ ಇರುವುದನ್ನೆಲ್ಲ, ಅಂದರೆ ಮೈಟೋಕಾಂಡ್ರಿಯಾ ಮೊದಲಾದ ಕಣದಂಗಗಳನ್ನೂ ಅವು ಮುಳುಗಿರುವ ದ್ರವವನ್ನೂ ಸೇರಿಸಿ, ಸೈಟೋಪ್ಲಾಸಂ ಎನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ‘ಕೋಶದ್ರವ್ಯ’ ಎಂದು ಬರೆಯುವವರಿದ್ದಾರೆ, ‘ಕೋಶರಸ’ ಎಂದು ಬರೆಯುವವರೂ ಇದ್ದಾರೆ. ಎರಡರಲ್ಲಿ ಯಾವುದಾದರೇನು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಸಸ್ಯಕೋಶದ ಪಾಠಕ್ಕೆ ಬಂದಾಗ ‘ಕೋಶರಸ’ ಮಕ್ಕಳನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನುಭವ.

ಕಾರಣ ‘ರಸ’ ಎಂಬ ಮಾತಿನಲ್ಲೇ ಇದೆ. ಹೇಮಾವತಿ ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವ ಈ ಕಡೆಯ ಮಕ್ಕಳಿಗೆ ರಸವೆಂದರೆ ಗಾಣಕ್ಕೆ ಕೊಟ್ಟಾಗ ಇಳಿದು ಬರುವಂಥದ್ದು. ಹಾಗೆ ಇಳಿಯುವ ಸಿಹಿರಸದ ಬಹುಪಾಲು ಸೈಟೋಪ್ಲಾಸಂ ಅಲ್ಲವೇ ಅಲ್ಲ. ಕಬ್ಬಿನ ಕಾಂಡದ ಕೋಶಗಳು ಸುಕ್ರೋಸನ್ನು, ಅಂದರೆ ಸಕ್ಕರೆಯನ್ನು, ಕೂಡಿಟ್ಟುಕೊಳ್ಳುವುದು ರಸದಾನಿ (ವ್ಯಾಕ್ಯೂಲ್) ಎಂಬ ಚೀಲಗಳಲ್ಲಿ. ಬಲಿತ ಸಸ್ಯಕೋಶದಲ್ಲಿ ಒಂದೇ ದೊಡ್ಡ ರಸದಾನಿಯು ಒಳಗಿನ ಜಾಗದ ಶೇಕಡ 90ರವರೆಗೂ ಆಕ್ರಮಿಸಿಕೊಂಡಿರಬಹುದು. ಸೈಟೋಪ್ಲಾಸಂ ಕೋಶಭಿತ್ತಿಯ ಒಳಮೈಗೆ ಒತ್ತಿಕೊಂಡ ತೆಳುವಾದ ಪದರವಾಗಿ ಉಳಿಯುತ್ತದೆ. ಹೀಗಿರುವಾಗ ರಸ ತುಂಬಿದ ಚೀಲಕ್ಕೆ ‘ರಸದಾನಿ’ ಎಂಬ ಚೆಂದದ ಹೆಸರು ಕೊಟ್ಟು (ಹೂದಾನಿಯ ಮಾದರಿಯ ಈ ಪದವನ್ನು ಮಾಡಿದವರನ್ನು ಮೆಚ್ಚಬೇಕು), ಅದರ ಹೊರಗಿರುವುದನ್ನು ‘ಕೋಶರಸ’ ಎಂದು ಕರೆದರೆ, ರಸದಾನಿಯೊಳಗಿನ ರಸವನ್ನು ಏನೆಂದು ಕರೆಯಬೇಕು?

ಎಲೆಯ ಕೆಳಮೈ ನೇರಳೆಯಾಗಿರುವ ರಿಯೋ ಗಿಡದ ಸಿಪ್ಪೆಯನ್ನು ಸುಲಿದು, ಗಾಢವಾದ ಉಪ್ಪುನೀರು ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸುವಾಗ ಈ ತೊಡಕು ಎದ್ದು ಕಾಣುತ್ತದೆ. ನೀರು ಅಭಿಸರಣೆಯಿಂದ, ಅಂದರೆ ಪೊರೆಯ ಮೂಲಕ ಗಾಢ ದ್ರಾವಣದ ಕಡೆಗೆ ಹರಿದು, ಹೊರಗೆ ಹೋಗುತ್ತಿದ್ದಂತೆ ಕೋಶಪೊರೆಯು ಭಿತ್ತಿಯನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ, ಭಿತ್ತಿ ಮಾತ್ರ ಇದ್ದಲ್ಲೇ ನಿಲ್ಲುತ್ತದೆ, ನೇರಳೆ ಬಣ್ಣ ನಡುವೆ ಮುದುಡಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಆ ಬಣ್ಣವಿರುವುದು ರಸದಾನಿಯ ದ್ರವದಲ್ಲಿ. ಆದರೂ ‘ಕೋಶರಸವು ಕುಗ್ಗಿತು’ ಎಂದು ಕಲಿತ ಮಗು, ಬಣ್ಣದ ದ್ರವವೇ ಸೈಟೋಪ್ಲಾಸಂ ಎಂದು ತಿಳಿದು ಚಿತ್ರದಲ್ಲಿ ಅದಕ್ಕೇ ಬಾಣದ ಗುರುತು ಹಾಕುತ್ತದೆ. ಆ ಮಗುವಿನ ತರ್ಕದಲ್ಲಿ ಕೊರತೆಯೇನೂ ಇಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ನಮ್ಮ ತೆಂಗಿನ ಎಳನೀರು ಈ ಎರಡು ಬಗೆಗೂ ಸೇರುವುದಿಲ್ಲ. ಅದು ಭ್ರೂಣಾಹಾರದ, ಅಂದರೆ ಬೀಜದೊಳಗಿನ ಭ್ರೂಣಕ್ಕೆ ಆಹಾರವಾಗುವ ಅಂಗಾಂಶದ (ಎಂಡೋಸ್ಪರ್ಮ್), ದ್ರವಾವಸ್ಥೆ. ಕೋಶಭಿತ್ತಿಗಳು ಏಳುವ ಮೊದಲು ಸಾವಿರಾರು ಕೋಶಕೇಂದ್ರಗಳು ಅದರಲ್ಲಿ ಬಿಡಿಯಾಗಿ ತೇಲುತ್ತಿರುತ್ತವೆ, ಆಮೇಲೆ ಅಂಚಿನಿಂದ ಭಿತ್ತಿಗಳು ಮೂಡಿ ಕಾಯಿಯ ತಿರುಳು ಕಟ್ಟುತ್ತದೆ. ಜನ ಅದನ್ನು ರಸವೆನ್ನದೆ ನೀರೆಂದದ್ದು ಒಳ್ಳೆಯದೇ ಆಯಿತು.

ಆದ್ದರಿಂದ ಸೈಟೋಪ್ಲಾಸಂಗೆ ‘ಕೋಶದ್ರವ್ಯ’ ಒಂದನ್ನೇ ಉಳಿಸಿಕೊಂಡು, ‘ಕೋಶರಸ’ವನ್ನು ರಸದಾನಿಯ ದ್ರವಕ್ಕೆ ಬಿಟ್ಟುಕೊಡುವುದು ಸರಿ ಎಂದು ನನಗೆ ತೋರುತ್ತದೆ. ದ್ರವ್ಯವೆಂದರೆ ಪದಾರ್ಥ, ಅದು ನೀರಾಗಿಯೇ ಇರಬೇಕಿಲ್ಲ, ಕಣದಂಗಗಳೂ ಅದರಲ್ಲಿ ಅಡಗುತ್ತವೆ. ಕೋಶಕೇಂದ್ರವನ್ನೂ ಸೇರಿಸಿ ಹೇಳುವ ಪ್ರೋಟೋಪ್ಲಾಸಂಗೆ ‘ಜೀವದ್ರವ್ಯ’ ಎಂಬುದಿರುವುದರಿಂದ ಜೋಡಿಯೂ ಹೊಂದುತ್ತದೆ.

ನಿಜವಾದ ಕಷ್ಟ ಇದರ ನಂತರದ್ದು. ಕಣದಂಗಗಳನ್ನು ಬಿಟ್ಟು ಉಳಿದ ದ್ರವಭಾಗವಾದ ಸೈಟೋಸಾಲ್‌ಗೆ ಏನೆನ್ನಬೇಕು? ಉಸಿರಾಟದ ಪಾಠದಲ್ಲಿ ಇದು ಬೇಕೇಬೇಕು. ಆರು ಕಾರ್ಬನ್ನಿನ ಗ್ಲೂಕೋಸ್ ಒಡೆದು ಮೂರು ಕಾರ್ಬನ್ನಿನ ಎರಡು ಪೈರುವೇಟ್ ಆಗುವುದು ‘ಕೋಶದ್ರವ್ಯದಲ್ಲಿ’, ಮುಂದಿನ ಹಂತ ‘ಮೈಟೋಕಾಂಡ್ರಿಯಾದಲ್ಲಿ’ ಎಂದು ಬರೆದರೆ, ಮೈಟೋಕಾಂಡ್ರಿಯಾ ಕೋಶದ್ರವ್ಯದ ಹೊರಗಿದೆಯೇ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ‘ಕೋಶದ್ರವ’ ಎಂದರೆ ಅರ್ಥ ಸರಿಹೋಗುತ್ತದೆ, ಆದರೆ ‘ಕೋಶದ್ರವ್ಯ’ಕ್ಕೂ ಅದಕ್ಕೂ ಒಂದು ಯಕಾರದ ಒತ್ತಷ್ಟೇ ವ್ಯತ್ಯಾಸ, ಪಾಠ ಕೇಳುವಾಗ ಕಿವಿಗೆ ತಿಳಿಯದು, ಉತ್ತರಪತ್ರಿಕೆ ನೋಡುವಾಗ ಕಣ್ಣಿಗೂ ತಿಳಿಯದು.

ನನಗೆ ಹೊಳೆದಿರುವ ಪದ ‘ಕೋಶತಿಳಿ’. ಕೋಶಗಳನ್ನು ಒಡೆದು ವೇಗವಾಗಿ ತಿರುಗಿಸಿ, ಭಾರದ ಭಾಗಗಳೆಲ್ಲ ತಳಕ್ಕೆ ಇಳಿದ ಮೇಲೆ ಮೇಲೆ ನಿಲ್ಲುವ ದ್ರವಕ್ಕೇ 1965ರಲ್ಲಿ ಸೈಟೋಸಾಲ್ ಎಂಬ ಹೆಸರು ಬಂದದ್ದು. ಬೇಳೆ ತಳಕ್ಕೆ ಕೂತ ಮೇಲೆ ಬಸಿದುಕೊಳ್ಳುವುದನ್ನು ನಮ್ಮ ಅಡುಗೆಮನೆಯಲ್ಲಿ ತಿಳಿ ಎನ್ನುವುದಿಲ್ಲವೇ? ಸಂಸ್ಕೃತದ ‘ಕೋಶ’ಕ್ಕೆ ಕನ್ನಡದ ‘ತಿಳಿ’ ಸೇರಿ ಅರಿಸಮಾಸವಾಗುತ್ತದೆ ಎಂಬ ಆಕ್ಷೇಪಣೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ‘ಕೋಶಪೊರೆ’ಯನ್ನು ಒಪ್ಪಿದವರು ಇದನ್ನೂ ಒಪ್ಪಬಹುದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆಯಿದೆ. ಜೀವಂತ ಕೋಶದೊಳಗಿನ ಸೈಟೋಸಾಲ್ ತೆಳುನೀರಲ್ಲ, ಪ್ರೋಟೀನುಗಳು ಕಿಕ್ಕಿರಿದು ತುಂಬಿದ ಮಂದವಾದ ದ್ರವ. ‘ತಿಳಿ’ ಎಂದ ಕೂಡಲೇ ಅದು ತೆಳುವಾದದ್ದೆಂಬ ಭಾವನೆ ಬರುವುದೇ, ಬಂದರೂ ವಿವರಣೆಯಿಂದ ಅದನ್ನು ತಿದ್ದಬಹುದೇ, ಅಥವಾ ‘ಸೈಟೋಸಾಲ್’ ಎಂದೇ ಕನ್ನಡದಲ್ಲಿ ಬರೆದುಬಿಡುವುದು ಮೇಲೋ, ದಯವಿಟ್ಟು ತಿಳಿಸಬೇಕು. ಕಾಲೇಜು ಮಟ್ಟದಲ್ಲಿ ಕನ್ನಡದಲ್ಲಿ ಪಾಠ ಮಾಡಿದವರು ಇದಕ್ಕೆ ಬೇರೆ ಪದ ಬಳಸಿದ್ದರೆ, ಅದನ್ನು ವಾಕ್ಯದಲ್ಲಿ ಇಟ್ಟು ತೋರಿಸಿದರೆ ಉಪಕಾರವಾಗುತ್ತದೆ.